ಏಳನೆಯ ಬೋಗುಣಿ

ಶನಿವಾರ, ಬೆಳಗಿನ ಆರೂವರೆಗೇ ಸಾಲು.
ಓಹಾಯೋ ನದಿಯ ಏರಿಯ ಮೇಲೆ ಸತ್ತವಳ ಮನೆಸಾಮಾನಿನ ಮಾರಾಟ.
ಕೈಯಲ್ಲಿ ಚೀಟಿ, ನಂಬರ್ ಹನ್ನೊಂದು.
ನನ್ನ ಮುಂದೆ ಹತ್ತು ಜನ, ಹತ್ತು ಟಾರ್ಚು,
ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ.
ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದವಳು ನಾನು,
ತಳ್ಳುವ ಹುಡುಗ ಯಾರೆಂದು ಬೆನ್ನಿನಿಂದಲೇ ಬಲ್ಲೆ.

ನನಗೆ ಬೇಕಿದ್ದದ್ದು ಒಂದೇ:
ಹಳದಿ ಮಣ್ಣಿನ ಬೋಗುಣಿ, ಹೊಟ್ಟೆಗೆ ಮೂರು ನೀಲಿ ಪಟ್ಟೆ,
ಇದೇ ನದಿಯ ಕೆಳಗಣ ತಿರುವಿನಲ್ಲಿ
ಆವಿಗೆಗಳು ಹೊಗೆಯುತ್ತಿದ್ದ ಕಾಲದಲ್ಲಿ ಬೆಂದದ್ದು.
ಒಂದರೊಳಗೊಂದು ಕೂರುವ ಒಂಬತ್ತರಲ್ಲಿ
ಎಂಟು ನನ್ನ ಕಪಾಟಿನಲ್ಲಿವೆ.
ಏಳನೆಯದಿಲ್ಲದೆ ಎಂಟರೊಳಗೆ ಆರು ಕೂತು
ಲಾರಿ ಹಾದಾಗೆಲ್ಲ ಕಟಕಟ.
ಬಿದ್ದ ಹಲ್ಲಿನ ಸಂದಿಗೆ ನಾಲಗೆ ಹೋದ ಹಾಗೆ
ಕೈ ಅಲ್ಲಿಗೇ ಹೋಗುತ್ತದೆ.
‘ಮದುವೆಗೆ ಕರೆದರೆ ಮಂಡಿನೋವು,
ಬೋಗುಣಿ ಇದೆಯೆಂದರೆ ಹಿಮದಲ್ಲೂ ಹೊರಡುತ್ತೀ’
ಅಂತಾಳೆ ತಂಗಿ ಆರ್ಡಿತ್. ಸುಳ್ಳಲ್ಲ.

ಕೊಳ್ಳುವುದು ಕಲಿಸಿದವನು ಮುದುಕ ಎಮರಿ ಫೆಂಟ್ರೆಸ್.
ಕಣ್ಣು ಆಮೇಲೆ, ಗೆಣ್ಣು ಮೊದಲು, ಅನ್ನುತ್ತಿದ್ದ.
ಬಾರಿಸಿ ನೋಡು. ಕಣಕಣ ಅಂದರೆ ಗಟ್ಟಿ,
ಬೊದ್ದೆಂದರೆ ಒಳಗೆಲ್ಲೋ ಬಿರುಕು ಬಾಯಿ ಮುಚ್ಚಿಕೊಂಡಿದೆ.
ಅಂಚನ್ನು ತುಟಿಯಿಂದ ಮುಟ್ಟು,
ದುಡಿದ ಬೆರಳು ಮೋಸ ಹೋಗುತ್ತದೆ.
ಬಿರಿದದ್ದನ್ನು ಬಿಟ್ಟಿ ಕೊಟ್ಟರೂ ತರಬೇಡ.
ಅವನು ಸತ್ತ ಮೇಲೆ ಹರಾಜಿಗೆ ಹೋಗಿದ್ದೆ:
ಅರ್ಧಕ್ಕರ್ಧ ಬಿರಿದವೇ.

ಬಾಗಿಲು ತೆಗೆದರು. ಉಳಿದವರು ಗಡಿಯಾರದತ್ತ, ಬೆಳ್ಳಿ ಚಮಚಗಳತ್ತ.
ನಾನು ನೇರ ಅಡುಗೆಮನೆಗೆ.
ಸಿಂಕಿನ ಕೆಳಗೆ, ಕೊಳವೆ ತೊಟ್ಟಿಕ್ಕುವಲ್ಲಿ,
ತುಕ್ಕುನೀರು ಹೊತ್ತು ಕೂತಿತ್ತು.
ಏಳನೆಯದು. ಅಳೆಯಬೇಕಿರಲಿಲ್ಲ.
ನೀರು ಚೆಲ್ಲಿ ಬಾರಿಸಿದೆ,
ಖಾಲಿ ಮನೆ ತಿರುಗಿ ನೋಡಿತು.

ನಾಲ್ಕು ಡಾಲರ್, ಎಂದಳು ಮೊಮ್ಮಗಳು, ಫೋನಿನಿಂದ ತಲೆಯೆತ್ತದೆ.

ಕಾರಿನಲ್ಲಿ ಮಗುಚಿ ನೋಡಿದರೆ ತಳದಲ್ಲಿ ಅಂಟುಪಟ್ಟಿ,
ಚರ್ಚಿನ ಊಟಕ್ಕೆ ಒಯ್ದ ಪಾತ್ರೆಗೆಲ್ಲ ಅಂಟಿಸುವಂಥದ್ದು.
ಓರೆ ಅಕ್ಷರ, ಮಾಸಿದ ಶಾಯಿ:
ಇ. ಕ್ಲಿಂಗರ್. ದಯವಿಟ್ಟು ಹಿಂದಿರುಗಿಸಿ.
ಸತ್ತವಳ ಹೆಸರು ಕ್ಲಿಂಗರ್ ಅಲ್ಲ.
ಕ್ಲಿಂಗರ್ ಮನೆ ನನಗೆ ಗೊತ್ತು:
ಮೂರು ಮಕ್ಕಳು, ಕೆಸರು ಬೂಟು, ನನ್ನ ಬಸ್ಸಿನ ಕಡೆಯ ಸ್ಟಾಪು.

ಮೂರು ವಾರ ಸುಮ್ಮನಿದ್ದೆ.
ಒಂಬತ್ತೂ ಒಂದರೊಳಗೊಂದು, ಈರುಳ್ಳಿಯ ಹಾಗೆ.
ಲಾರಿ ಹಾದರೂ ಸದ್ದಿಲ್ಲ.
ಆ ಸದ್ದಿಲ್ಲದ್ದೇ ರಾತ್ರಿ ಎಬ್ಬಿಸತೊಡಗಿತು.

ನಾಲ್ಕನೆಯ ಶನಿವಾರ ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದೆ.
ಬಾಗಿಲು ತೆರೆದವಳು ರೊವೀನಾ ಕ್ಲಿಂಗರ್, ಎಂಬತ್ತರ ಮೇಲೆ,
ತಳ ನೋಡಿದಳು, ನನ್ನ ಮುಖ ನೋಡಿದಳು,
ಕಂಬಕ್ಕೆ ಕೈಯೂರಿ ನಕ್ಕಳು ಕೆಮ್ಮು ಬರುವಷ್ಟು.

‘ನಮ್ಮತ್ತೆ ಯೂನಿಸಳದು. ಪಟ್ಟಿ ಅಂಟಿಸಿದ್ದೂ ಅವಳೇ.
ಇದರಲ್ಲೇ ಹಿಟ್ಟು ಕಲಸು, ಎಡಕ್ಕೆ ತಿರುಗಿಸು,
ಹಾಗಲ್ಲ, ಹೀಗೆ. ಹದಿನಾಲ್ಕು ವರ್ಷ.
ಒಂದು ಭಾನುವಾರ ಬೇಕೆಂದೇ ಬಿಟ್ಟು ಬಂದೆ.
ಸಾಯುವ ತನಕ ಊರೆಲ್ಲ ಹುಡುಕಿಸಿದಳು, ಪಾಪ.’

ಒಳಮೈಯ ಮೇಲೆ ಬೆರಳಾಡಿಸಿದಳು. ನಾನೂ ಆಗಲೇ ಕಂಡೆ
ಚಮಚ ಸವೆಸಿದ ಗೀರುಗಳನ್ನು:
ಎಲ್ಲವೂ ಎಡಕ್ಕೆ,
ಮೇಲೆ ಕೆಲವು, ಆಳವಾದವು,
ಬಲಕ್ಕೆ.

‘ನೀವೇ ಇಟ್ಟುಕೊಳ್ಳಿ’ ಎಂದಳು. ‘ಆದರೆ
ಬರಿದು ಪಾತ್ರೆ ಹೊಸ್ತಿಲು ದಾಟಬಾರದು.’
ಹಿತ್ತಲಿಗೆ ಹೋದವಳು ತುಂಬ ಹೊತ್ತು ಬರಲಿಲ್ಲ.

ಬರುವಾಗ ತಿರುವು ತಿರುವಿಗೂ
ಟೊಮ್ಯಾಟೊಗಳು ಒಂದಕ್ಕೊಂದು ಒರಗುತ್ತಿದ್ದವು,
ಇನ್ನೂ ಬಿಸಿಲಿನ ಬಿಸಿ ಇತ್ತು.
ಬೋಗುಣಿ ಅಡುಗೆಕಟ್ಟೆಯ ಮೇಲಿದೆ.
ಕಪಾಟಿನಲ್ಲಿ
ಮತ್ತೆ ಕಟಕಟ.