ಕಡಾ ಕೊಟ್ಟ ಮೂಗು

ಮೂಗಿಗೆ ಸೆರಗ ಹಿಡಕೊಂಡು ಈ ಮನಿ ಹೊಸ್ತಿಲಾ ದಾಟಿದ್ದೆ,
ಮಡಗಾಂವದ ಬೋರ್ಡಾದಾಗ, ಇಪ್ಪತ್ತೊಂದು ವರ್ಷದ ಹಿಂದ.
"ಹಂದಿ ಮುಟ್ಟತೀಯೇನು?" ಕೇಳಿದ್ಲು ಎರ್ಮೆಲಿಂಡಾ ಬಾಯಿ.
"ಮುಟ್ಟತೀನ್ರಿ, ತಿನ್ನಾಂಗಿಲ್ಲ."
ಪಗಾರ ಇದ್ದದ್ದು ಮುಟ್ಟೂದಕ್ಕ.

ಈಗ ಬಾಯಿಯ ಮೂಗು ಸತ್ತೈತಿ.
ಹೋದ ಮಳಿಗಾಲದ ಜ್ವರ
ಬರಿಗೈಲೆ ಹೋಗಲಿಲ್ಲ,
ವಾಸನಿ ಗಂಟು ಕಟಿಗೊಂಡು ಹೋತು.
ಮಲ್ಲಿಗಿ ಇಲ್ಲ, ಬಂಗಡಿ ಮೀನಿಲ್ಲ,
ಒಂದಿನ ಗ್ಯಾಸ್ ಸೋರಿ ಮನಿ ತುಂಬಿದ್ರೂ
ಜಪಮಣಿ ಎಣಿಸ್ಕೊಂತ ಕುಂತಿದ್ಲು.
ಅದಕ್ಕ ಅಳಿಯ ಮಸ್ಕತ್ತಿನಿಂದ ತಂದ ಈ ಕರೇ ಡಬ್ಬಿ,
ಏರ್ ಫ್ರೈಯರ್.
ನಾ ಗಾಳಿವಲಿ ಅಂತೀನಿ.

ಶನಿವಾರ ರಾತ್ರಿನ ಹಚ್ಚಿಟ್ಟಿದ್ದೆ:
ಬಳ್ಳೊಳ್ಳಿ, ಹಸಿಶುಂಠಿ, ಕರಿಮೆಣಸು,
ಬೆರಳುದ್ದ ದಾಲ್ಚಿನ್ನಿ, ತೆಂಗಿನ ಸೇಂದಿಯ ವಿನೆಗರ್.
ತೊಗಲಿಗೆ ಬರೇ ಉಪ್ಪು,
ಎರೆದ ಕೂಸಿನ ಮೈ ಒರಸಿದಂಗ ಒರಸಿ.
ಮುಂಜಾನೆ ನೋಡಿದ್ರ ಡಬ್ಬಿ ಸಣ್ಣದು, ತುಂಡು ದೊಡ್ಡದು.
"ಎರಡು ಮಾಡು" ಅಂದ್ಲು ಬಾಯಿ, ಆ ಕಡೆ ಮಾರಿ ತಿರುವಿ,
ಹೊಲಾ ಪಾಲು ಮಾಡಿಕೊಟ್ಟವರಂಗ.

ಮೊದಲ ನೂರಾಅರವತ್ತು, ಮುಕ್ಕಾಲು ತಾಸು.
ಕಡೀಕ ಇನ್ನೂರು.
ನಮ್ಮ ಶಿರಹಟ್ಟಿ ಕಡೆ ನಲವತ್ತೊಂದಕ್ಕ
ನಾಯಿ ಗಟಾರ ಹಿಡಿತಾವು,
ಇನ್ನೂರು ಅಂದ್ರ ಯಾವ ಊರಿನ ಬಿಸಲವ್ವ ಇದು!
ಒಳಗ ಗಾಳಿ ಗಿರಿಗಿರಿ ತಿರಗತೈತಿ,
ರಾಶಿ ತೂರೂ ಗಾಳಿ
ಕಣ ಬಿಟ್ಟು ಬಂದು ಪೆಟಗ್ಯಾಗ ಸಿಕ್ಕಂಗ.

ಬಾಯಿ ಕುರ್ಚಿ ಎಳಕೊಂಡು ಎದರಿಗೆ ಕುಂತ್ಲು.
"ಫಕ್ಕೀರವ್ವಾ, ಮೂಗು ಕೊಡು ನಿಂದು. ಈಗ ಏನು ಬಂತು?"
ಆಕಿ ಕೇಳಿದ್ದು ಕೊಂಕಣಿಯೊಳಗ.
ನಾ ಅರ್ಧ ಅದರಾಗ, ಅರ್ಧ ನಮ್ಮ ಮಾತಿನಾಗ:

ಮೊದಲ ಬಳ್ಳೊಳ್ಳಿ ಬಂತ್ರಿ,
ಮದವಿ ಮನಿಗೆ ಬೀಗರು ಬಂದಂಗ, ಬಾಗಿಲದಾಗ ಗದ್ದಲ.
ಹಿಂದ ಮೆಣಸು, ಸೋದರಮಾವ,
ಮಾತು ಕಡಿಮಿ, ಸಿಟ್ಟು ಜಾಸ್ತಿ.
ವಿನೆಗರ್ ಒಬ್ಬಾಕಿ ಮುದುಕಿ,
ಅಡಿಗ್ಯಾಗ ಹುಳುಕು ತಗದು ಎದ್ದು ಹೋದ್ಲು.
ದಾಲ್ಚಿನ್ನಿ ಇನ್ನೂ ಕಟ್ಟಿ ಮ್ಯಾಲ ನಿಂತೈತ್ರಿ,
ಕರದ್ರ ಬರೂದು.

"ಮತ್ತ ಹಂದಿ?"
"ಅದು ಮದಲಗಿತ್ತಿರಿ. ಒಳಗ ಸೀರಿ ಉಡಾಕತ್ತೈತಿ."
ಬಾಯಿ ನಕ್ಕ ನಗಿಗೆ ಹಲ್ಲಿನ ಸೆಟ್ಟು ಸರೀತು.

ಆಮ್ಯಾಲ ಕೊಬ್ಬು ಕರಗಿತು.
ಬುಟ್ಟಿ ಬುಡಕ್ಕ ಚಟ್ ಚಟ್ ಅಂತ ಬಿದ್ದು
ಒಂದು ವಾಸನಿ ಎದ್ದು ಬಂತು.
ಅದನ್ನ ನಾ ಬಾಯಿಗೆ ಹೇಳಲಿಲ್ಲ.
ನನ್ನ ಬಾಯಾಗ ನೀರಿತ್ತು.

ಇಪ್ಪತ್ತೊಂದು ವರ್ಷ ಮೂಗು ನನ್ನ ಮಾತು ಕೇಳಿತ್ತು.
ಕಡಾ ಕೊಟ್ಟದ್ದು ತಪ್ಪಾತು.
ನುಂಗಿದೆ. ನೀರು ಅಷ್ಟ, ಮತ್ತೇನಿಲ್ಲ.
"ಸುಮ್ಮನ್ಯಾಕ ಕುಂತಿ?"
"ಏನಿಲ್ರಿ, ದಾಲ್ಚಿನ್ನಿ ಒಳಗ ಬಂತು."

ಟಿಣ್ ಅಂತು ಡಬ್ಬಿ.
ಚಾಕು ಇಟ್ಟೆ. ಕರಕ್!
ಕಟಕಲ ಜ್ವಾಳದ ರೊಟ್ಟಿ
ಮೊಳಕಾಲ ಮ್ಯಾಲ ಮುರದಂಗ.
ಇದು ಮಾತ್ರ ಇಬ್ಬರಿಗೂ ಕೇಳಿಸ್ತು,
ಇಬ್ಬರೂ ಹುಬ್ಬು ಏರಿಸಿದ್ವಿ.

ಉಪ್ಪು ನೋಡೋರು ಯಾರು?
ಆಕಿಗೆ ಗೊತ್ತಾಗೂದಿಲ್ಲ, ನಾ ನೋಡಾಂಗಿಲ್ಲ.
ಒಂದು ಚೂರು ಬಾಯಾಗಿಟ್ಟು, ಕಣ್ಣು ಮುಚ್ಚಿ,
ಕರುಮ್ ಕರುಮ್ ಅಂತ ಬಾಳೊತ್ತು ಅಗದ್ಲು.
"ಸರಿ ಐತಿ" ಅಂದ್ಲು.
ಸುಳ್ಳು. ಇಲ್ಲಾ, ನೆನಪು.
ಕೇಳಲಿಲ್ಲ ನಾ.

ಮೂರು ಸಲ ಸಾಬಾಣ ಹಚ್ಚಿ ಕೈ ತೊಳಕೊಂಡು
ಝುವಾರಿನಗರದ ಬಸ್ಸ ಹತ್ತಿದೆ.
ಕಿಡಕಿ ಬಾಜೂಕ ಜಾಗಾ ಸಿಕ್ಕಿತ್ತು.
ವೆರ್ಣಾ ದಾಟಿದ ಮ್ಯಾಲ ಕಂಡಕ್ಟರ್ ರೊಕ್ಕಾ ಕೇಳಿದಾಗ
ಬಲಗೈ ಮೂಗಿನ ಹತ್ತರ ಇತ್ತು.
ಎಡಗೈಲೆ ಕೊಟ್ಟೆ.
ಬೈದ.