ಹೂವಿಲ್ಲದ ನಾರು

ಬುಧವಾರ ಕೆಂಪು.
ಗುರುವಾರ ಅದೇ ಯಂತ್ರ, ಅದೇ ಕೋಡು, ಹಸಿರು.
ಶುಕ್ರವಾರ ಬೆಳಿಗ್ಗೆ ಮತ್ತೆ ಕೆಂಪು.
ಉಳಿದೆರಡು ಯಂತ್ರಗಳು ತಿಂಗಳಿಂದ
ತಕರಾರಿಲ್ಲದೆ ಸೈ ಅನ್ನುತ್ತಿವೆ.
"ಗಾಳಿ ಸೋಕಿರಬೇಕು ಮೇಡಂ" ಎಂದ ಜವರಪ್ಪ,
ಆಯುಧಪೂಜೆಗೆ ಯುಪಿಎಸ್ ಮೇಲಿಟ್ಟ ನಿಂಬೆಹಣ್ಣು
ಒಣಗಿ ಗೋಲಿಯಾದದ್ದನ್ನು ಬೆರಳಲ್ಲಿ ಉರುಳಿಸುತ್ತ.

ಡಿಬಗ್ಗರಿನ ಕೆಲಸ ದೊಡ್ಡದೇನಲ್ಲ.
ಓಡುವ ಪ್ರೋಗ್ರಾಮನ್ನು ನಡುದಾರಿಯಲ್ಲಿ ತಡೆದು
ಜೇಬು ತಡಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.
ಪರೀಕ್ಷೆಯೂ ಇಷ್ಟೇ:
ಒಂದರ ಹತ್ತನೇ ಪಾಲನ್ನು ಪ್ರೋಗ್ರಾಮು ಒಂದು ಕಡೆ ಬರೆಯಲಿ,
ಡಿಬಗ್ಗರು ಇನ್ನೊಂದು ಕಡೆ ಬರೆಯಲಿ,
ಎರಡೂ ಒಂದೇನಾ, ನೋಡು.

ಹತ್ತನೇ ಪಾಲು ಯಾವ ಯಂತ್ರಕ್ಕೂ ಪೂರಾ ಒಲಿದಿಲ್ಲ.
ಇಂಟೆಲ್ಲಿನದು, ಒಂದರ ಹಿಂದೆ ಹತ್ತೊಂಬತ್ತು ಸೊನ್ನೆ
ನೆಟ್ಟಗೆ ನಡೆದು ಆಮೇಲೆ ಕಾಲು ಜಾರುತ್ತದೆ: ಒಂದು, ಮೂರು, ಐದು...
ಮೂಲೆಯ ಹಳೇ ಪವರ್ ಯಂತ್ರ
ಎರಡು ಸಂಖ್ಯೆಗೆ ಗಂಟು ಹಾಕಿ ಒಂದೇ ಎಂದು ಕೊಡುತ್ತದೆ.
ಹೊಸ ಆರ್ಮ್ ಹಲಗೆ, ಅಂಗೈಯಷ್ಟಗಲ,
ಹದಿನಾರು ಬೈಟನ್ನೂ ಭರ್ತಿ ಮಾಡುತ್ತದೆ.
ಇಂಟೆಲ್ ಬರೆಯುವುದು ಹತ್ತರಲ್ಲಿ, ಹಿಡಿಯುವುದು ಹದಿನಾರರ ಜಾಗ.

ಮಿಕ್ಕ ಆರರಲ್ಲಿ ಏನಿದೆ?
ಏನೂ ಇಲ್ಲ. ಅಥವಾ ಏನಾದರೂ.
ಸಿಟಿ ಬಸ್ಸಿನ ಸೀಟಿನಲ್ಲಿ
ಇಳಿದುಹೋದವರ ಬಿಸುಪು ಇರುತ್ತದಲ್ಲ, ಹಾಗೆ.

"ಹದಿನಾರೂ ಹೊಂದಲೇಬೇಕು":
ಹನ್ನೊಂದು ವರ್ಷದ ಹಿಂದೆ ಹೀಗೆ ಬರೆದವರು ಪುಟ್ಟಮಾದಯ್ಯ.
ಆಗ ಇದ್ದದ್ದು ಮೂಲೆಯ ಅದೊಂದೇ ಯಂತ್ರ.
ಅದರಲ್ಲಿ ಹದಿನಾರಕ್ಕೂ ಅರ್ಥವಿತ್ತು.
ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ಆರಕ್ಕೂ ಸೊನ್ನೆ ತುಂಬಿ ಕೈ ತೊಳೆಯಬಹುದಿತ್ತು.
ತುಂಬಿಯೂ ನೋಡಿದೆ. ಹಸಿರಾಯಿತು.
ಬಂದವರೆದುರು ಬಟ್ಟೆಯನ್ನೆಲ್ಲ ಮಂಚದಡಿ ತಳ್ಳಿದ ಹಾಗಿತ್ತು,
ಅಳಿಸಿದೆ.

ಸಂಜೆ ಅಗ್ರಹಾರ ಸರ್ಕಲ್ಲಿನಲ್ಲಿ ಚಿಕ್ಕತಾಯಮ್ಮನ ಬುಟ್ಟಿ,
ಮಲ್ಲಿಗೆ ಮೊಳಕ್ಕೆ ನಲವತ್ತು.
ಅವಳ ಕೈ ಗಿಡ್ಡ. ಸೊಸೆಯ ಕೈ ಉದ್ದ.
ಬಲ್ಲವರು ಸೊಸೆ ಕೂತ ದಿನವೇ ಬರುತ್ತಾರೆ.
ಇವತ್ತು ಯಾರೋ ಜಗಳ ತೆಗೆದಿದ್ದರು:
"ನಾರನ್ನೂ ಸೇರಿಸಿ ಅಳೀತೀಯಲ್ಲಮ್ಮ!"
ಅವಳು ತಲೆ ಎತ್ತಲಿಲ್ಲ.
"ಮುಡ್ಕಳಕ್ಕೆ ನಾರು ಬ್ಯಾಡ್ವಾ? ಹೂವ ಎಣುಸ್ಕಳಿ,
ನಾರ ಯಾಕೆ ಎಣುಸ್ತೀರಿ?"

ಇಲ್ಲೇ ಹೊಳೆಯಿತು ಎಂದರೆ ಸುಳ್ಳು.
ಕಾರಣ ಮಧ್ಯಾಹ್ನವೇ ಸಿಕ್ಕಿತ್ತು.
ಕೋಡಿನ ತಲೆಯ ಮೇಲೆ ಬರೆಯಲು
ಒಂದು ವಾಕ್ಯ ಮಾತ್ರ ಸಿಕ್ಕಿರಲಿಲ್ಲ.

ಎರಡು ಮೊಳ ಕೊಂಡು ವಾಪಸು ಹೋದೆ.
ಆರು ಸಾಲು ಸೇರಿತು, ಒಂದು ಸಾಲು ಹೋಯಿತು.
ಮೊದಲು ಯಂತ್ರವನ್ನು ಕೇಳು, ನಿನ್ನ ಮೊಳ ಯಾವುದು ಅಂತ.
ಹೂವಿರುವಷ್ಟನ್ನೇ ಹೋಲಿಸು. ನಾರನ್ನು ಬಿಡು.
ಮೇಲೆ ಪುಟ್ಟಮಾದಯ್ಯನವರ ಹೆಸರು ಇದ್ದಲ್ಲೇ ಇದೆ.

ಮೂರೂ ಹಸಿರು. ಇನ್ನೂರು ಸಲ ಓಡಿಸಿದೆ, ಹಸಿರು.
ಜವರಪ್ಪ ಹೊಸ ನಿಂಬೆಹಣ್ಣು ತಂದಿದ್ದ, ಇಟ್ಟೇಬಿಟ್ಟ.
ಒಂಬತ್ತಕ್ಕೆ ಫೋನ್ ಮಾಡಿದೆ,
ತಮ್ಮ ಪರೀಕ್ಷೆ ತಿದ್ದಿದ್ದೇನೆಂದು ಹೇಳಬೇಕಲ್ಲ.
ಆ ಕಡೆ ಟಿವಿಯ ಸದ್ದು, ಯಾರೋ ಮಗು.
ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಇಷ್ಟು:
"ಆ ಹಳೇದು ಇನ್ನೂ ಓಡ್ತಾ ಇದೆಯೇನಮ್ಮ?"

ಓಡ್ತಿದೆ ಸಾರ್.
ಫ್ಯಾನು ಸ್ವಲ್ಪ ಸದ್ದು ಮಾಡುತ್ತೆ.