ಸಿಗ್ಮಾದ ಬೆರಳು

ಹಾರಿಮಾದಲ್ಲಿ ಗುಡ್ಡಕ್ಕೆ ಬಳೆ ತೊಡಿಸಿದ್ದಾರೆ,
ಸುಮಾರು ಒಂದೂವರೆ ಕಿಲೋಮೀಟರ್ ಸುತ್ತಳತೆ.
ಒಳಗೆ ಎಲೆಕ್ಟ್ರಾನುಗಳು ಓಡುತ್ತಲೇ ಇರುತ್ತವೆ.
ಹೊರಗೆ ನಾವು, ರಾತ್ರಿ ಎರಡೂವರೆಗೆ,
ಬಿಸಿ ಕಾಫಿಯ ಡಬ್ಬಿ ಕೆನ್ನೆಗೆ ಒತ್ತಿಕೊಂಡು
ನಮ್ಮ ಪಾಳಿಯ ಬೆಳಕಿಗೆ ಕಾಯುತ್ತೇವೆ.

ಹತಾನಾಕಾ ಹರಳು ಎತ್ತುತ್ತಾನೆ,
ನೈಲಾನ್ ಎಳೆಯ ಕುಣಿಕೆಯಲ್ಲಿ, ಉಸಿರು ಕಟ್ಟಿ.
ಇದಕ್ಕೆ ನಮ್ಮಲ್ಲಿ ಮೀನು ಹಿಡಿಯೋದು ಅಂತಲೇ ಹೆಸರು.
ಕಾಸುಮಿ ಬಂದರಿನ ಏಡಿಗಾರನ ಮಗಳು ನಾನು,
ನನಗೊಬ್ಬಳಿಗೇ ಅದು ಕೈಗೂಡಿಲ್ಲ.
ಬೀಳಿಸಿದ್ದು ಮೂರು. ಒಂದೊಂದೂ ಎರಡು ತಿಂಗಳ ಬೆಳೆ.

ಹರಳಿನೊಳಗೆ ಸಾಲುಸಾಲಾಗಿ ಹೆಪ್ಪುಗಟ್ಟಿ ನಿಂತವನು
ಬಿಸಿನೀರ ಬುಗ್ಗೆಯ ಒಂದು ಜೀವಾಣುವಿನ ನಕಲುಗಾರ.
ಡಿಎನ್ಎ ನೋಡಿ ಆರ್‌ಎನ್ಎ ಬರೆಯುವುದು ಅವನ ಕಸುಬು.
ಏಡಿಯ ಇಕ್ಕುಳದ ಹಾಗಿದ್ದಾನೆ, ಎನ್ನುತ್ತಾರೆ ಎಲ್ಲರೂ.
ಎಂದವರಲ್ಲಿ ಎಷ್ಟು ಮಂದಿ ಏಡಿ ಮುರಿದಿದ್ದಾರೋ!
ಇಕ್ಕುಳದ ಎರಡು ದವಡೆಯೂ ಆಡುವುದಿಲ್ಲ,
ಒಂದು ಕಚ್ಚುತ್ತದೆ, ಒಂದು ಸುಮ್ಮನೆ ಒಡ್ಡಿಕೊಂಡಿರುತ್ತದೆ.
ತೆರೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದೆ.
ಇಲ್ಲೂ ಹೆಚ್ಚು ಆಡುವುದು ಬೀಟಾ ಪ್ರೈಮ್‌ನ ಕಡೆಯೇ.
ಮಾತು ನಿಜ, ಹಾಗಾದರೆ.

ನಡುವೆ ಸೀಳು. ಸೀಳಿನ ತಳದಲ್ಲಿ
ಮೂರು ಕಲ್ಲಿನ ಒಲೆಯೊಳಗೆ ಕೆಂಡ ಇಟ್ಟಂತೆ
ಮೂರು ಆಸ್ಪಾರ್ಟೇಟುಗಳ ನಡುವೆ ಒಂದು ಮೆಗ್ನೀಸಿಯಮ್.
ಅಡುಗೆಯೆಲ್ಲ ಅಲ್ಲೇ.

ಆದರೆ ಇಷ್ಟಿದ್ದೂ ಅವನಿಗೆ ಎಲ್ಲಿ ಶುರುಮಾಡಬೇಕೆಂದು ಗೊತ್ತಿಲ್ಲ.
ಸಿಕ್ಕಲ್ಲಿ ಕಚ್ಚುತ್ತಾನೆ, ಬಿಡುತ್ತಾನೆ.
ಸಿಗ್ಮಾ ಬರಬೇಕು.
ಬಂದು, ಬೆನ್ನಿಗಾತು, ಕಿವಿಯಲ್ಲಿ ಹೇಳಬೇಕು:
ಇಲ್ಲಿ, ಟಿ ಎ ಟಿ ಎ ಎ ಟಿ, ಇಲ್ಲಿಂದ.
ಸೋಯಾ ಕಾಯಿ ಹಿತುಕಿ ಕಾಳು ಚಿಮ್ಮಿಸಿದ ಹಾಗೆ
ಒಂದು ಎ ಯನ್ನು ಎಳೆಯಿಂದ ಹೊರಗೆ ತಿರುಗಿಸಿ
ತನ್ನ ಜೇಬಿಗೆ ಹಾಕಿಕೊಳ್ಳುತ್ತದೆ ಸಿಗ್ಮಾ.
ಹೆಣೆದ ಜಡೆ ಅಲ್ಲಿಂದ ಬಿಚ್ಚುತ್ತದೆ.

ಅಪ್ಪನಿಗೆ ಮೊದಲ ಅಕ್ಷರ ಹೊರಡುತ್ತಿರಲಿಲ್ಲ.
ಸಹಕಾರ ಸಂಘದ ಕಿಟಕಿಯ ಮುಂದೆ, ರಬ್ಬರ್ ಬೂಟಿನಲ್ಲಿ,
ಕೊ, ಕೊ, ಕೊ,
ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಕೆಮ್ಮುತ್ತಿದ್ದರು.
ಆರು ವರ್ಷದ ನಾನು ಅವನ ಕೋಟಿನ ಅಂಚು ಹಿಡಿದು
ಕೋರಿ! ಮಂಜುಗಡ್ಡೆ! ಎಂಟು ಪೆಟ್ಟಿಗೆ! ಅನ್ನುತ್ತಿದ್ದೆ.
ಗುಮಾಸ್ತ ನಗುತ್ತಿದ್ದ. ಅಪ್ಪ ನನ್ನ ತಲೆ ಸವರುತ್ತಿದ್ದ.
ಊರೆಲ್ಲ ಅಂದಿತ್ತು, ಇಸೋಬೆಯ ನಾಲಗೆ ಅವನ ಮಗಳು.

ನಕಲುಗಾರನೂ ತೊದಲುತ್ತಾನೆ.
ಎರಡಕ್ಷರ ಬರೆದು ಉಗುಳುತ್ತಾನೆ, ಮೂರು ಬರೆದು ಉಗುಳುತ್ತಾನೆ,
ಮತ್ತೆ ಮೊದಲಿಂದ. ಎಷ್ಟೋ ಸಲ.
ಯಾಕೆ ಅನ್ನುವುದು ಚಿತ್ರದಲ್ಲಿ ಕಾಣುತ್ತದೆ:
ಹೊಸ ಎಳೆ ಹೊರಬರಬೇಕಾದ ಓಣಿಯಲ್ಲಿ ಅಡ್ಡ ಚಾಚಿದೆ
ಒಂದು ಬೆರಳು.
ಸಿಗ್ಮಾದ್ದೇ. ಜಾಗ ತೋರಿಸಿಕೊಟ್ಟ ಅದೇ ಸಿಗ್ಮಾದ್ದು.
ಆ ಬೆರಳನ್ನು ತಳ್ಳಿಕೊಂಡೇ ಮಾತು ಉದ್ದವಾಗಬೇಕು.

ತೆರೆಯ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ.
ಹತಾನಾಕಾ ಕೇಳಿದ, ನಕ್ಷೆ ತಪ್ಪಾಗಿದೆಯೇ?
ಇಲ್ಲ, ಅಂದೆ.

ನವೆಂಬರ್ ಆರು, ಏಡಿ ಹಂಗಾಮಿನ ಮೊದಲ ದಿನ.
ಮುಂಜಾವ ನಾಲ್ಕಕ್ಕೆ ಫೋನು. ಅಪ್ಪ.
ಕೊ, ಅಂದ.
ಕೊ, ಕೊ.
ನನ್ನ ನಾಲಗೆ ತುದಿಗೆ ಬಂದೇಬಿಟ್ಟಿತ್ತು ಮಂಜುಗಡ್ಡೆ.
ಹಲ್ಲು ಕಚ್ಚಿದೆ. ಯಂತ್ರಗಳ ಗುಂಯ್ ಸದ್ದು.
ಅತ್ತ ಅವನ ಉಸಿರು, ಏರುತ್ತ, ಜಾರುತ್ತ, ಏರುತ್ತ.
ಮೂವತ್ತರ ತನಕ ಎಣಿಸಿದೆ, ಆಮೇಲೆ ಎಣಿಕೆ ತಪ್ಪಿತು.

ಕೊಶಿ, ಅಂದ ಅಪ್ಪ.
ಸೊಂಟ.
ಸೊಂಟ ಏಳಲಿಲ್ಲ ಚಿಜುರು, ಈ ವರ್ಷ ದೋಣಿ ಹತ್ತಲಿಲ್ಲ ನಾನು.
ಅಷ್ಟುದ್ದ, ಒಂದೇ ಎಳೆಯಲ್ಲಿ.

ಹೂಂ, ಅಂದೆ.
ಆ ಕಿಟಕಿಯ ಮುಂದೆ, ಅಷ್ಟು ಚಳಿಗಾಲ,
ಅವನಿಗೆ ಬೇಕಾಗಿದ್ದುದು ಪ್ರತಿ ಸಲವೂ
ಮಂಜುಗಡ್ಡೆಯೇ ಆಗಿತ್ತೇ?
ಕೇಳಲಿಲ್ಲ. ಅವನಿನ್ನೂ ಮಾತಾಡುತ್ತಿದ್ದ.